ತೊಟ್ಟಿಲು ತುಂಬಿಸುವ ಸಂಚು

ಮಕ್ಕಳಿಲ್ಲದ ದಂಪತಿ, ಮನೆಯಾಚೆ ಒಂದು ಸಂಬಂಧ, ಎಲ್ಲವನ್ನೂ ಸರಿಮಾಡಲೆಂದು ಹೂಡಿದ ಸಂಚು, ಕೊನೆಗೊಂದು ಹೆಣ ಅಥವಾ ಪೊಲೀಸ್ ಜೀಪು. ಅಪರಾಧ ಕಥೆಗಳಲ್ಲಿ ಇಷ್ಟು ಬಳಸಿ ಸವೆದ ಎಳೆ ಇನ್ನೊಂದಿರಲಿಕ್ಕಿಲ್ಲ. ಸಂಜೆಯ ಧಾರಾವಾಹಿಯಲ್ಲಿ ಹೊಟ್ಟೆಗೆ ದಿಂಬು ಕಟ್ಟಿಕೊಂಡು ಬಸುರಿಯ ನಟನೆ ಮಾಡುವ ಸೊಸೆ, ರಾತ್ರಿಯ ಕ್ರೈಂ ಕಾರ್ಯಕ್ರಮದಲ್ಲಿ ಪ್ರಿಯಕರನ ಜೊತೆ ಸೇರಿ ಗಂಡನನ್ನು ಮುಗಿಸುವ ಹೆಂಡತಿ, ವೆಬ್ ಸರಣಿಯಲ್ಲಿ ಬಾಡಿಗೆ ತಾಯಿಯನ್ನು ಹುಡುಕಿಸುವ ಸಿರಿವಂತ, ಎಲ್ಲರೂ ಒಂದೇ ಬಳಗದವರು. ಈ ಎಳೆ ಒಳ್ಳೆಯ ಬರಹಗಾರರ ಕೈಗೆ ಸಿಕ್ಕಾಗ ಏನಾಯಿತು, ನಿಜದ ಕೋರ್ಟು ಕಚೇರಿಗಳಲ್ಲಿ ಅದರ ಮುಖ ಹೇಗಿದೆ ಎಂದು ನೋಡಹೊರಟವರಿಗೆ ಒಂದು ಸಂಗತಿ ಪದೇ ಪದೇ ಎದುರಾಗುತ್ತದೆ. ಮಗುವಿನ ಆಸೆಯೇ ಸಂಚಿಗೆ ಮೂಲ ಎಂದು ಕಥೆ ಹೇಳಿಕೊಳ್ಳುತ್ತದೆ. ಕೆದಕಿದರೆ ತಳದಲ್ಲಿ ಸಿಗುವುದು ಬಹುಪಾಲು ಆಸ್ತಿ, ಇಲ್ಲವೇ ಗಂಡಸಿನ ಮರ್ಯಾದೆ.

ಮಾಕಿಯವೆಲ್ಲಿ ಎಂದರೆ ನಮಗೆ ನೆನಪಾಗುವುದು ರಾಜನೀತಿಯ ಪುಸ್ತಕ. ಅದೇ ಮನುಷ್ಯ 1518ರ ಸುಮಾರಿಗೆ 'ಮಂದ್ರಾಗೊಲಾ' ಎಂಬ ಪ್ರಹಸನ ಬರೆದ. ಫ್ಲಾರೆನ್ಸಿನ ಪೆದ್ದ ವಕೀಲ ನಿಚಿಯಾಗೆ ವಾರಸುದಾರ ಬೇಕು. ಅವನ ಚೆಲುವೆ ಹೆಂಡತಿ ಲುಕ್ರೇಸಿಯಾಳ ಮೇಲೆ ಕಣ್ಣಿಟ್ಟ ಕಲ್ಲಿಮಾಕೊ ವೈದ್ಯನ ವೇಷದಲ್ಲಿ ಬರುತ್ತಾನೆ. ಒಂದು ಬೇರಿನ ಕಷಾಯ ಕುಡಿದರೆ ಬಸಿರು ನಿಲ್ಲುತ್ತದೆ, ಆದರೆ ಕುಡಿದವಳ ಜೊತೆ ಮೊದಲು ಮಲಗಿದವನು ವಿಷವೇರಿ ಸಾಯುತ್ತಾನೆ ಎಂದು ನಂಬಿಸುತ್ತಾನೆ. ಹಾಗಾದರೆ ಬೀದಿಯಲ್ಲಿ ಹೋಗುವ ಯಾವನನ್ನಾದರೂ ಹಿಡಿದುತಂದು ಮಲಗಿಸೋಣ ಎಂಬುದಕ್ಕೆ ಗಂಡನೇ ಒಪ್ಪುತ್ತಾನೆ. ಪಾದ್ರಿ ದುಡ್ಡು ತಿಂದು ಧರ್ಮಸೂಕ್ಷ್ಮ ಹೇಳುತ್ತಾನೆ, ಹೆತ್ತ ತಾಯಿ ಮಗಳನ್ನು ಒಪ್ಪಿಸುತ್ತಾಳೆ, ಬೀದಿಯವನ ವೇಷದಲ್ಲಿ ಕಲ್ಲಿಮಾಕೊನೇ ಒಳಗೆ ಬರುತ್ತಾನೆ. ನಾಟಕ ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತದೆ. ನಗುತ್ತಿರುವಾಗಲೇ ನೆನಪಿಡಬೇಕಾದದ್ದು, ನಿಚಿಯಾನ ಲೆಕ್ಕದಲ್ಲಿ ಮಾರನೆಯ ದಿನಗಳಲ್ಲಿ ಒಬ್ಬ ಅಮಾಯಕ ಸಾಯುವುದು ಖಚಿತ. ವಾರಸುದಾರನಿಗಾಗಿ ಒಂದು ಕೊಲೆಗೆ ಅವನು ಸಲೀಸಾಗಿ ಸಿದ್ಧನಾದ. ಹೆಂಡತಿಗೆ ಮಕ್ಕಳಾಗದಿರುವುದಕ್ಕೆ ತಾನು ಕಾರಣವಿರಬಹುದೆ ಎಂಬ ಅನುಮಾನಕ್ಕೆ ಮಾತ್ರ ಅವನ ಬಳಿ ಜಾಗವಿಲ್ಲ.

ಬೇರಿನ ಉಪಾಯ ಕನ್ನಡದಲ್ಲೂ ಇದೆ. ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನು ಇಟ್ಟುಕೊಂಡು ಗಿರೀಶ ಕಾರ್ನಾಡರು 1988ರಲ್ಲಿ 'ನಾಗಮಂಡಲ' ಬರೆದರು. ಅಪ್ಪಣ್ಣ ಹೆಂಡತಿ ರಾಣಿಯನ್ನು ಮನೆಯೊಳಗೆ ಹಾಕಿ ಬೀಗ ಜಡಿದು ಸೂಳೆಯ ಮನೆಗೆ ಹೋಗುವವನು. ಮಧ್ಯಾಹ್ನ ಬಂದು ಉಂಡು ಹೋಗುವುದಷ್ಟೇ ಅವನ ಸಂಸಾರ. ಕುರುಡವ್ವ ಗಂಡನನ್ನು ಒಲಿಸಿಕೊಳ್ಳಲು ರಾಣಿಗೆ ಬೇರು ಕೊಡುತ್ತಾಳೆ. ಅರೆದು ಹಾಕಿದ ಅಡುಗೆ ನೆತ್ತರಿನಂತೆ ಕೆಂಪಾದದ್ದು ಕಂಡು ರಾಣಿ ಹೆದರಿ ಅದನ್ನು ಹುತ್ತಕ್ಕೆ ಸುರಿಯುತ್ತಾಳೆ. ಅಲ್ಲಿಂದಾಚೆ ರಾತ್ರಿ ಬರುವ ಗಂಡ ಬೇರೆ, ಹಗಲು ಬರುವ ಗಂಡ ಬೇರೆ. ರಾಣಿ ಬಸುರಾದಾಗ ಅಪ್ಪಣ್ಣ ಪಂಚಾಯಿತಿ ಸೇರಿಸುತ್ತಾನೆ. ಅವಳು ಹುತ್ತಕ್ಕೆ ಕೈಯಿಕ್ಕಿ ಹಾವು ಹಿಡಿದು, ಗಂಡನನ್ನೂ ಈ ನಾಗನನ್ನೂ ಬಿಟ್ಟು ಇನ್ನಾರನ್ನೂ ಮುಟ್ಟಿಲ್ಲ ಎಂದು ಪ್ರಮಾಣ ಮಾಡುತ್ತಾಳೆ. ಹೆಡೆ ಬಿಚ್ಚಿದ ಹಾವು ಅವಳನ್ನು ದೇವಿಯಾಗಿಸುತ್ತದೆ.

ಘಾಟಿ ಸುಬ್ರಹ್ಮಣ್ಯದಲ್ಲಿ ಮಕ್ಕಳ ಹರಕೆ ಹೊತ್ತವರು ನಿಲ್ಲಿಸಿದ ನಾಗರಕಲ್ಲುಗಳ ಸಾಲು ನೋಡಿದವರಿಗೆ, ಕಾರ್ನಾಡರು ಪ್ರಿಯಕರನ ಪಾತ್ರಕ್ಕೆ ಹಾವನ್ನು ಕರೆದದ್ದು ವಿಚಿತ್ರವೆನಿಸುವುದಿಲ್ಲ. ಆದರೆ ನಾಟಕದ ಚುರುಕು ಇರುವುದು ವಿಚಾರಣೆಯ ದೃಶ್ಯದಲ್ಲಿ. ದಿನವೂ ಮನೆಬಿಟ್ಟು ಹೋಗುತ್ತಿದ್ದ ಅಪ್ಪಣ್ಣನ ನಡತೆ ಅಲ್ಲಿ ಪ್ರಶ್ನೆಯೇ ಆಗುವುದಿಲ್ಲ. ಪಂಚರ ಎದುರಿಗೆ ನಿಂತು ಲೆಕ್ಕ ಒಪ್ಪಿಸಬೇಕಾದವಳು ಬೀಗದೊಳಗೆ ಇದ್ದವಳು. 1997ರಲ್ಲಿ ನಾಗಾಭರಣ ಇದನ್ನು ಸಿನಿಮಾ ಮಾಡಿದರು. ಆದರೂ ಪಂಚಾಯಿತಿಯ ದೃಶ್ಯಕ್ಕೆ ರಂಗದ ಮೇಲಿರುವ ಕಾವು ತೆರೆಯ ಮೇಲೆ ಇಲ್ಲ ಎಂಬುದು ನನ್ನ ಅನಿಸಿಕೆ.

ಮಹಾಭಾರತಕ್ಕೆ ಈ ವಿಷಯದಲ್ಲಿ ಇಷ್ಟೊಂದು ಸಂಕೋಚವಿಲ್ಲ. ವಿಚಿತ್ರವೀರ್ಯ ಮಕ್ಕಳಿಲ್ಲದೆ ಸತ್ತಾಗ ಸತ್ಯವತಿ ತನ್ನ ಮದುವೆಗೆ ಮುಂಚಿನ ಮಗ ವ್ಯಾಸನನ್ನು ಕರೆಸಿ ಸೊಸೆಯರ ಬಳಿ ಕಳಿಸುತ್ತಾಳೆ. ಅಂಬಿಕೆ ಕಣ್ಣು ಮುಚ್ಚುತ್ತಾಳೆ, ಅಂಬಾಲಿಕೆ ಬಿಳಿಚಿಕೊಳ್ಳುತ್ತಾಳೆ. ಎರಡನೆಯ ಸಲ ಹೋಗೆಂದಾಗ ಅಂಬಿಕೆ ತನ್ನ ಒಡವೆ ತೊಡಿಸಿ ದಾಸಿಯನ್ನು ಕಳಿಸುತ್ತಾಳೆ. ಅತ್ತೆಯ ಸಂಚಿಗೆ ಸೊಸೆಯ ಪ್ರತಿಸಂಚು. ಇಡೀ ಕುರುವಂಶ ನಿಂತಿರುವುದು ಈ ಮೂರು ರಾತ್ರಿಗಳ ಮೇಲೆ, ಅವುಗಳಲ್ಲಿ ಹೆಂಗಸರ ಒಪ್ಪಿಗೆಯನ್ನು ಯಾರೂ ನೆಟ್ಟಗೆ ಕೇಳಲಿಲ್ಲ. ಎಸ್. ಎಲ್. ಭೈರಪ್ಪನವರ 'ಪರ್ವ' (1979) ನಿಯೋಗವೆಂಬ ಈ ಪದ್ಧತಿಯ ಸುತ್ತಲಿನ ಪವಾಡವನ್ನು ಸುಲಿದು ಅದನ್ನು ಮೈಮನಸ್ಸಿನ ವ್ಯವಹಾರವಾಗಿ ನೋಡಿತು. ಅಮೋಲ್ ಪಾಲೇಕರ್ ಅವರ ಮರಾಠಿ ಚಿತ್ರ 'ಅನಾಹತ' (2003) ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ನಮ್ಮ ಅನಂತನಾಗ್ ಅದರಲ್ಲಿ ವಂಶ ಬೆಳೆಸಲಾರದ ರಾಜ. ರಾಜ್ಯಕ್ಕೆ ಉತ್ತರಾಧಿಕಾರಿ ಬೇಕೆಂದು ರಾಣಿಯನ್ನು ಒಂದು ರಾತ್ರಿಗೆ ಹೊರಗೆ ಕಳಿಸುತ್ತಾರೆ. ರಾಣಿ ಮರಳಿ ಬಂದಾಗ ರಾಜನಿಗೆ ಸಹಿಸಲಾಗದ್ದು ಅವಳು ಹೋದದ್ದಕ್ಕಿಂತ, ಸುಖಪಟ್ಟು ಬಂದದ್ದು.

ವಂಶದ ವಿಷಯ ರಾಜರ ಮನೆಗಳಲ್ಲಿ ಹೇಗೆ ನೇರವಾಗಿ ರಾಜಕೀಯವಾಗುತ್ತಿತ್ತು ಎಂಬುದಕ್ಕೆ ನಾವು ದೂರ ಹೋಗಬೇಕಿಲ್ಲ. ಮೈಸೂರು ಒಡೆಯರಿಗೆ ಅಲಮೇಲಮ್ಮ ಕೊಟ್ಟಳೆಂದು ಜನ ಹೇಳುವ ಶಾಪದಲ್ಲಿ ದೊರೆಗಳಿಗೆ ತಗುಲಿದ ಭಾಗವೇ ಮಕ್ಕಳಾಗದಿರುವುದು. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ, ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡ ಪತ್ರದ ಸಹಿ ನಿಜವೇ ಎಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಅನುಮಾನ ಎತ್ತಿದ. ಕಂಪನಿ ಸರಕಾರದ ಕಣ್ಣಿಗೆ ಆ ದತ್ತಕವೇ ಒಂದು ವಂಚನೆ. ಅಕ್ಟೋಬರ್ 23ರಂದು ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತ. ಚೆನ್ನಮ್ಮನ ಕಥೆಯನ್ನು ನಾವು ಶೌರ್ಯದ ಕಥೆಯಾಗಿಯೇ ಕೇಳಿ ಬೆಳೆದವರು, ಅದರ ಕಿಡಿ ಹೊತ್ತಿದ್ದು ವಾರಸುದಾರಿಕೆಯ ಕಾಗದದಲ್ಲಿ.

ಕನ್ನಡದಲ್ಲಿ ಈ ಇಡೀ ಪ್ರಶ್ನೆಯ ಬುಡಕ್ಕೆ ಕೈಹಾಕಿದ ಕೃತಿ ಭೈರಪ್ಪನವರ 'ವಂಶವೃಕ್ಷ' (1965). ಅದನ್ನು ಅಪರಾಧ ಕಥೆಯೆಂದು ಯಾರೂ ಓದುವುದಿಲ್ಲ. ಆದರೆ ಅದರೊಳಗೆ ಹೂತಿಟ್ಟ ಒಂದು ಹಳೆಯ ಸಂಚಿದೆ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳು ವಂಶ, ಗೋತ್ರ, ಪಿತೃಋಣಗಳ ಮೇಲೆ ಬದುಕು ಕಟ್ಟಿದವರು. ಮಗ ಕಪಿಲೆಯಲ್ಲಿ ಮುಳುಗಿ ಸತ್ತಾಗ, ಸೊಸೆ ಕಾತ್ಯಾಯಿನಿ ಮರುಮದುವೆಯಾಗಿ ಹೋದಾಗ, ಮೊಮ್ಮಗ ಈ ವಂಶದವನು ಎಂಬ ಮಾತಿನ ಮೇಲೆಯೇ ಅವರು ಗಟ್ಟಿಯಾಗಿ ನಿಲ್ಲುತ್ತಾರೆ. ಕೊನೆಗೆ ತಿಳಿಯುವುದು ಏನು? ಒಡಹುಟ್ಟಿದವನಿಗೆ ಆಸ್ತಿ ಹೋಗಬಾರದೆಂಬ ಹಗೆಯಲ್ಲಿ, ಮಕ್ಕಳಿಲ್ಲದ ಅವರ ತಂದೆ ಹೆಂಡತಿಗೆ ಬೇರೊಬ್ಬನಿಂದ ಮಗು ಮಾಡಿಸಿಕೊಂಡಿದ್ದ. ಆ ಮಗುವೇ ಶ್ರೋತ್ರಿಗಳು. ಅವರು ಕೂತು ಪೂಜೆ ಮಾಡಿದ ಮನೆ, ಉಂಡ ಗದ್ದೆ, ತರ್ಪಣ ಬಿಟ್ಟ ಹೆಸರುಗಳು, ಒಂದೂ ಅವರದಲ್ಲ. ಅವರು ಆಸ್ತಿಯನ್ನು ದಾನ ಕೊಟ್ಟು ಮನೆ ಬಿಟ್ಟು ಹೊರಡುತ್ತಾರೆ.

ಭೈರಪ್ಪನವರ ಬಗ್ಗೆ ಎಷ್ಟೇ ತಕರಾರು ಇರಲಿ, ಈ ಕಟ್ಟಡ ಅಪ್ರತಿಮ. ಕಾತ್ಯಾಯಿನಿ ಮಾಡಿದ್ದು ಎಲ್ಲರೆದುರಿಗೆ, ರಿಜಿಸ್ಟರಿನಲ್ಲಿ ಬರೆಸಿ. ಅವಳು ಮಾತ್ರ ಕಾದಂಬರಿಯುದ್ದಕ್ಕೂ ಪಾಪಭೀತಿಯಲ್ಲಿ ಬೇಯುತ್ತಾಳೆ, ಗರ್ಭಗಳು ಕಳೆದುಹೋಗುತ್ತವೆ, ಸಾಯುತ್ತಾಳೆ. ಮುಚ್ಚಿದ ಬಾಗಿಲ ಹಿಂದೆ ಹೆಂಡತಿಯನ್ನು ಇನ್ನೊಬ್ಬನಿಗೆ ಒಪ್ಪಿಸಿದ ಗಂಡಸಿಗೆ ಬದುಕಿರುವಷ್ಟು ಕಾಲ ಯಾವ ಶಿಕ್ಷೆಯೂ ಆಗಲಿಲ್ಲ. ಲೇಖಕರು ಕಾತ್ಯಾಯಿನಿಗೆ ಅನ್ಯಾಯ ಮಾಡಿದರು ಎಂಬ ಹಳೆಯ ದೂರಿನಲ್ಲಿ ಹುರುಳಿದೆ. ಆದರೂ ಎರಡನ್ನೂ ಒಂದೇ ಪುಸ್ತಕದಲ್ಲಿ ಎದುರುಬದುರು ಇಟ್ಟವರೂ ಅವರೇ. ಬಿ. ವಿ. ಕಾರಂತ ಮತ್ತು ಕಾರ್ನಾಡರ ಜೋಡಿ ಇದನ್ನು ಸಿನಿಮಾ ಮಾಡಿ ರಾಷ್ಟ್ರಪ್ರಶಸ್ತಿ ಪಡೆಯಿತು.

ಇಲ್ಲಿ ಸ್ವಲ್ಪ ಕಾನೂನು ನೋಡಬೇಕು, ಯಾಕೆಂದರೆ ಅದು ಕಾದಂಬರಿಗಿಂತ ಹೆಚ್ಚು ಬಾಯಿಬಿಡುತ್ತದೆ. 1860ರ ದಂಡಸಂಹಿತೆಯ 497ನೇ ಕಲಮಿನ ಪ್ರಕಾರ, ಇನ್ನೊಬ್ಬನ ಹೆಂಡತಿಯನ್ನು ಅವನ ಒಪ್ಪಿಗೆಯಿಲ್ಲದೆ ಕೂಡಿದವನಿಗೆ ಐದು ವರ್ಷದವರೆಗೆ ಜೈಲು. ಗಂಡ ಒಪ್ಪಿದ್ದರೆ ಅಪರಾಧವೇ ಇಲ್ಲ. ಅಂದರೆ ಶ್ರೋತ್ರಿಗಳ ತಂದೆಯ ಸಂಚು ಈ ಕಲಮಿನಡಿ ಪೂರ್ತಿ ಕಾನೂನುಬದ್ಧ. ಅಪ್ಪಣ್ಣನ ಸೂಳೆ ಯಾರ ಹೆಂಡತಿಯೂ ಅಲ್ಲದಿದ್ದರೆ ಅವನೂ ನಿರಪರಾಧಿ, ರಾಣಿಗೆ ದೂರು ಕೊಡುವ ಹಕ್ಕೂ ಇಲ್ಲ. 1985ರಲ್ಲಿ ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡ್ ಇದನ್ನು ಎತ್ತಿಹಿಡಿದರು. 2018ರ ಸೆಪ್ಟೆಂಬರ್ 27ರಂದು ಐವರು ನ್ಯಾಯಮೂರ್ತಿಗಳ ಪೀಠ ಇದನ್ನು ಕಿತ್ತುಹಾಕಿತು, ಆ ಐವರಲ್ಲಿ ಒಬ್ಬರು ಅವರ ಮಗ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ವ್ಯಭಿಚಾರ ಅಪರಾಧವಾಗಿ ಉಳಿದಿಲ್ಲ. ಆದರೂ ಮದುವೆಯಾದ ಹೆಣ್ಣನ್ನು ಪುಸಲಾಯಿಸಿ ಕರೆದೊಯ್ಯುವುದು ಅಪರಾಧವೆನ್ನುವ ಹಳೆಯ 498ನೇ ಕಲಮು ಹೊಸ ಸಂಹಿತೆಯಲ್ಲಿ 84 ಎಂಬ ಸಂಖ್ಯೆ ಹೊತ್ತು ಹಾಗೆಯೇ ಕೂತಿದೆ. ಹೆಂಡತಿ ಗಂಡನ ಸೊತ್ತು ಎಂಬ ಭಾವನೆ ಒಂದೇ ತೀರ್ಪಿಗೆ ಹೋಗುವಂಥದ್ದಲ್ಲ.

ಮಗುವಿನ ವಿಷಯದಲ್ಲಿ ಕಾನೂನು ಇನ್ನೂ ಜಾಣ. 1872ರ ಸಾಕ್ಷ್ಯ ಕಾಯ್ದೆಯ 112ನೇ ಕಲಮು, ಮದುವೆ ಜಾರಿಯಲ್ಲಿರುವಾಗ, ಇಲ್ಲವೇ ಮುರಿದ 280 ದಿನಗಳೊಳಗೆ ಹುಟ್ಟಿದ ಮಗು ಗಂಡನದೇ ಎಂದು ಹಿಡಿಯುತ್ತದೆ. ಆ ಕಾಲದಲ್ಲಿ ಗಂಡ ಹೆಂಡತಿ ಕೂಡುವ ಅವಕಾಶವೇ ಇರಲಿಲ್ಲ ಎಂದು ಸಾಬೀತುಪಡಿಸಿದರಷ್ಟೇ ಬೇರೆ ಮಾತು. ಹೊಸ ಸಾಕ್ಷ್ಯ ಅಧಿನಿಯಮದಲ್ಲಿ ಇದು 116ನೇ ಕಲಮು. ಡಿಎನ್‌ಎ ಪರೀಕ್ಷೆ ಬಂದ ಮೇಲೂ ಸುಪ್ರೀಂ ಕೋರ್ಟು ಕೇಳಿದವರಿಗೆಲ್ಲ ಪರೀಕ್ಷೆಗೆ ಅಪ್ಪಣೆ ಕೊಡಲು ಹಿಂಜರಿಯುತ್ತದೆ. 2025ರ ಜನವರಿಯ ತೀರ್ಪೊಂದರಲ್ಲೂ ಅದೇ ನಿಲುವು ತಳೆಯಿತು. ಮಗುವಿನ ಹಣೆಗೆ ಹಾದರದ ಹಣೆಪಟ್ಟಿ ಅಂಟದಿರಲಿ ಎಂಬ ಕಾಳಜಿ ಇದರಲ್ಲಿದೆ, ಒಪ್ಪತಕ್ಕದ್ದೇ. ಜೊತೆಗೆ, ಶ್ರೋತ್ರಿಗಳಂಥವರು ಕೋರ್ಟಿಗೆ ಹೋಗಿದ್ದರೆ ಆಸ್ತಿ ನಿಮ್ಮದೇ ಎಂದು ಕಳಿಸುತ್ತಿದ್ದರು ಎಂಬುದೂ ನಿಜ.

ಮತ್ತೆ ಕಥೆಗಳಿಗೆ ಬಂದರೆ, 'ಕಾಡು' ಬಗ್ಗೆ ಎರಡು ಮಾತು. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯನ್ನು ಕಾರ್ನಾಡರು 1973ರಲ್ಲಿ ಸಿನಿಮಾ ಮಾಡಿದರು. ಚಂದ್ರೇಗೌಡನಿಗೆ ಕಾಡಿನಾಚೆಯ ಊರಿನಲ್ಲಿ ಬಸಕ್ಕ ಇದ್ದಾಳೆ. ಮನೆಯಲ್ಲಿ ಕಮಲಿಗೆ ಕಿಟ್ಟಿಯೆಂಬ ಹುಡುಗನೇ ಮಗನ ಸಮಾನ. ಅವಳು ಗಂಡನನ್ನು ತಿರುಗಿಸಿಕೊಳ್ಳಲು ಮಾಟ ಮಂತ್ರದ ಮೊರೆ ಹೋಗುತ್ತಾಳೆ, ಹಗೆ ಊರಿನಿಂದೂರಿಗೆ ಹಬ್ಬುತ್ತದೆ. ಎಲ್ಲವನ್ನೂ ಹುಡುಗನ ಕಣ್ಣಿನಿಂದ ನೋಡುವುದರಿಂದ ಯಾರಿಗೂ ತೀರ್ಪು ಕೊಡುವ ಅವಕಾಶ ಸಿಗುವುದಿಲ್ಲ. ಕಮಲಿಯಾಗಿ ನಂದಿನಿ ಭಕ್ತವತ್ಸಲ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು.

ತಮಿಳಿನ ಪೆರುಮಾಳ್ ಮುರುಗನ್ ಅವರ 'ಮಾದೊರುಬಾಗನ್' (2010) ಈ ಎಳೆಯನ್ನು ಕೊನೆಯವರೆಗೆ ಎಳೆದು ನೋಡಿತು. ತಿರುಚೆಂಗೋಡಿನ ಹತ್ತಿರದ ಕಾಳಿ ಮತ್ತು ಪೊನ್ನಾ ಪರಸ್ಪರ ಮೋಹಿಸುವ ದಂಪತಿ. ಮದುವೆಯಾಗಿ ಹನ್ನೆರಡು ವರ್ಷವಾದರೂ ಮಕ್ಕಳಿಲ್ಲ. ಈ ಹೊಲ ಯಾರಿಗಾಗಿ ದುಡಿಯುತ್ತೀರಿ ಎಂಬ ನೆಂಟರ ಕೊಂಕು, ಶುಭಕಾರ್ಯಗಳಲ್ಲಿ ಪೊನ್ನಾಳನ್ನು ಹಿಂದೆ ಸರಿಸುವ ಕೈಗಳು, ಎಲ್ಲವನ್ನೂ ಮುರುಗನ್ ಅವಸರವಿಲ್ಲದೆ ಬರೆಯುತ್ತಾರೆ. ಅರ್ಧನಾರೀಶ್ವರನ ರಥೋತ್ಸವದ ಒಂದು ರಾತ್ರಿ ಮಕ್ಕಳಿಲ್ಲದ ಹೆಣ್ಣು ಜಾತ್ರೆಯಲ್ಲಿ ಸಿಕ್ಕ ಗಂಡಸನ್ನು ದೇವರೆಂದು ತಿಳಿದು ಕೂಡಬಹುದೆಂಬ ವಾಡಿಕೆ ಕಾದಂಬರಿಯಲ್ಲಿದೆ. ಇಬ್ಬರ ತಾಯಂದಿರೂ ಸೇರಿ ಇದನ್ನು ಹೂಡುತ್ತಾರೆ. ಕಾಳಿ ಒಪ್ಪದಿದ್ದರೂ ಒಪ್ಪಿದನೆಂದು ಪೊನ್ನಾಳಿಗೆ ಹೇಳಲಾಗುತ್ತದೆ. ಅತ್ತ ಅವಳ ಅಣ್ಣ ಕಾಳಿಯನ್ನು ಕುಡಿಸಲು ಕರೆದೊಯ್ಯುತ್ತಾನೆ. ಇದರಲ್ಲಿ ಖಳರು ಯಾರೂ ಇಲ್ಲ. ಪ್ರೀತಿಸುವವರೇ ಸೇರಿ ಇಬ್ಬರಿಗೂ ಸುಳ್ಳು ಹೇಳಿದರು, ಆ ಸುಳ್ಳಿನಿಂದ ಸಂಸಾರ ಒಡೆಯಿತು. ಮುಂದೆ ಮುರುಗನ್ ಎರಡು ಬೇರೆ ಬೇರೆ ಉತ್ತರಕಥೆಗಳನ್ನು ಬರೆದರು. ಒಂದರಲ್ಲಿ ಕಾಳಿ ಸಾಯುತ್ತಾನೆ, ಇನ್ನೊಂದರಲ್ಲಿ ಉಳಿಯುತ್ತಾನೆ.

ಆದರೆ ಜನ ಅಪರಾಧಿಯ ಜಾಗಕ್ಕೆ ಲೇಖಕರನ್ನೇ ತಂದು ನಿಲ್ಲಿಸಿದರು. 2014ರ ಕೊನೆಗೆ ಊರಿನ ಹೆಂಗಸರಿಗೆ ಅವಮಾನವಾಯಿತೆಂದು ಪ್ರತಿಭಟನೆ, ಬಂದ್. 2015ರ ಜನವರಿಯಲ್ಲಿ ತಮ್ಮೊಳಗಿನ ಲೇಖಕ ಸತ್ತನೆಂದು ಮುರುಗನ್ ಘೋಷಿಸಿದರು. 2016ರ ಜುಲೈನಲ್ಲಿ ಮದರಾಸು ಹೈಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟ ಮೇಲೆಯೇ ಅವರು ಮತ್ತೆ ಪ್ರಕಟಿಸತೊಡಗಿದ್ದು.

ಈ ಸಾಲಿನಲ್ಲಿ ಸ್ಪೇನಿನ ಲೋರ್ಕಾನ 'ಯೆರ್ಮಾ' ಒಂಟಿ. 1934ರ ಡಿಸೆಂಬರಿನಲ್ಲಿ ಮ್ಯಾಡ್ರಿಡ್‌ನಲ್ಲಿ ರಂಗಕ್ಕೆ ಬಂದ ಈ ನಾಟಕದ ನಾಯಕಿಗೂ ಜಾತ್ರೆಯಲ್ಲಿ ಬೇರೆ ಗಂಡಿನ ಆಹ್ವಾನ ಸಿಗುತ್ತದೆ. ಮಾನಕ್ಕೆ ಅಂಜಿ ಅವಳು ಒಲ್ಲೆನೆನ್ನುತ್ತಾಳೆ. ತನಗೆ ಮಕ್ಕಳೇ ಬೇಡವಾಗಿತ್ತು ಎಂದು ಗಂಡ ಬಾಯಿಬಿಟ್ಟಾಗ ಅವನ ಕತ್ತು ಹಿಸುಕುತ್ತಾಳೆ. ದಾರಿ ತಪ್ಪಲು ಒಪ್ಪದವಳು ಕೊಲೆಗಾತಿಯಾದಳು. ಇಷ್ಟು ನಿಷ್ಠುರವಾದ ಲೆಕ್ಕಾಚಾರ ನಮ್ಮ ರಂಗಭೂಮಿಯಲ್ಲಿ ನನಗೆ ಕಂಡಿಲ್ಲ.

ಹಿಂದಿ ಸಿನಿಮಾ ಈ ಎಳೆಗೆ ಸಕ್ಕರೆ ಸವರಿತು. 2001ರ 'ಚೋರಿ ಚೋರಿ ಚುಪ್ಕೆ ಚುಪ್ಕೆ'ಯಲ್ಲಿ ಹೆಂಡತಿಗೆ ಇನ್ನು ಮಕ್ಕಳಾಗವೆಂದು ತಿಳಿದಾಗ ದಂಪತಿ ವೇಶ್ಯೆಯೊಬ್ಬಳನ್ನು ಗೊತ್ತು ಮಾಡಿ, ಸ್ವಿಟ್ಜರ್ಲೆಂಡಿಗೆ ಹೋಗಿ, ಅವಳ ಬಸಿರನ್ನು ಹೆಂಡತಿಯ ಬಸಿರೆಂದು ಮನೆಯವರಿಗೆ ನಂಬಿಸುತ್ತಾರೆ. ಮನೆತನದ ಮರ್ಯಾದೆಗೆ ಧಕ್ಕೆಯಿಲ್ಲ, ಹಾಡುಗಳಿಗೆ ಬರವಿಲ್ಲ. ಚಿತ್ರದಲ್ಲಿಲ್ಲದ ಅಪರಾಧ ಹೊರಗೆ ನಡೆಯಿತು. ಭೂಗತ ಲೋಕದ ನಂಟಿನ ಆರೋಪದಲ್ಲಿ ನಿರ್ಮಾಪಕ, ಹಣ ಹೂಡಿದವರು ಬಂಧಿತರಾಗಿ, ಚಿತ್ರದ ನೆಗೆಟಿವ್ ವಶಕ್ಕೆ ಹೋಗಿತ್ತು.

ಇನ್ನು ನಿಜದ ಕೇಸುಗಳು. 2020ರ ಮೇ ಕೊನೆಯಲ್ಲಿ ಬೆಂಗಳೂರಿನ ಚಾಮರಾಜಪೇಟೆಯ ಪಾಲಿಕೆ ಹೆರಿಗೆ ಆಸ್ಪತ್ರೆಯಿಂದ ಆಗಷ್ಟೇ ಹುಟ್ಟಿದ ಮಗು ಕಾಣೆಯಾಯಿತು. ಸುಮಾರು ಒಂದು ವರ್ಷದ ಮೇಲೆ ಪೊಲೀಸರು ಹಿಡಿದದ್ದು ಒಬ್ಬ ಮನೋವೈದ್ಯೆಯನ್ನು. ಮಗು ಬೇಕೆಂದಿದ್ದ ದಂಪತಿಗೆ ಬಾಡಿಗೆ ತಾಯಿಯಿಂದ ನಿಮ್ಮದೇ ಮಗು ಮಾಡಿಸಿಕೊಡುತ್ತೇನೆಂದು ನಂಬಿಸಿ 14.5 ಲಕ್ಷ ರೂಪಾಯಿ ಪಡೆದಿದ್ದಳು. ಬಾಡಿಗೆ ತಾಯಿ ಯಾರೂ ಇರಲಿಲ್ಲ. ಹೇಳಿದ ದಿನ ಹತ್ತಿರ ಬಂದಾಗ ಕದ್ದ ಮಗುವನ್ನು ಒಪ್ಪಿಸಿದಳು. ಆ ದಂಪತಿ ಅದನ್ನು ತಮ್ಮದೆಂದೇ ಸಾಕಿದರು. ಡಿಎನ್‌ಎ ಹೆತ್ತವರಿಗೆ ತಾಳೆಯಾಗಿ ಮಗು ಅವರಿಗೆ ಮರಳಿತು. 2025ರಲ್ಲಿ ನ್ಯಾಯಾಲಯ ವೈದ್ಯೆಗೆ 10 ವರ್ಷ ಶಿಕ್ಷೆ ವಿಧಿಸಿತು. ಅದೇ ವರ್ಷದ ಜುಲೈನಲ್ಲಿ ಸಿಕಂದರಾಬಾದಿನ ಫರ್ಟಿಲಿಟಿ ಕೇಂದ್ರವೊಂದರ ಪ್ರಕರಣ ಹೊರಬಂತು. ಪೊಲೀಸರ ಪ್ರಕಾರ, ಬಡವರಿಂದ 90 ಸಾವಿರಕ್ಕೆ ಕೊಂಡ ಮಗುವನ್ನು ಬಾಡಿಗೆ ತಾಯಿ ಹೆತ್ತ ನಿಮ್ಮ ಮಗು ಎಂದು ದಂಪತಿಗೆ ಕೊಟ್ಟು ಸುಮಾರು 35 ಲಕ್ಷ ವಸೂಲಿ ಮಾಡಲಾಗಿತ್ತು. ಅಲ್ಲೂ ಗುಟ್ಟು ರಟ್ಟಾದದ್ದು ಡಿಎನ್‌ಎ ಪರೀಕ್ಷೆಯಲ್ಲಿ.

ಎರಡೂ ಪ್ರಕರಣಗಳಲ್ಲಿ ವಂಚಕರು ಮಾರಿದ್ದು ರಕ್ತಸಂಬಂಧವೆಂಬ ಭರವಸೆಯನ್ನು. ಮಗುವೆಂಬುದಷ್ಟೇ ಬೇಕಾಗಿದ್ದರೆ ದತ್ತಕದ ದಾರಿಯಿತ್ತು. ಆ ದಾರಿ ಸುಲಭವಲ್ಲ. ಕಾನೂನುಬದ್ಧ ದತ್ತಕಕ್ಕೆ ಹೆಸರು ಬರೆಸಿದವರು ಮೂರು ವರ್ಷಕ್ಕೂ ಹೆಚ್ಚು ಕಾಯುತ್ತಾರೆ. 2024-25ರಲ್ಲಿ ದೇಶದಾದ್ಯಂತ ದತ್ತು ಹೋದ ಮಕ್ಕಳು 4,515, ಅದೇ ಅದಕ್ಕೆ ಹಿಂದಿನ ಸುಮಾರು ಹನ್ನೆರಡು ವರ್ಷಗಳಲ್ಲಿ ಅತಿ ಹೆಚ್ಚು. ಬಾಡಿಗೆ ತಾಯ್ತನಕ್ಕೆ 2022ರ ಜನವರಿಯಿಂದ ಹೊಸ ಕಾಯ್ದೆ ಬಂದಿದೆ. ಮದುವೆಯಾಗಿ ಸ್ವಂತ ಮಗುವಿರುವ, 25ರಿಂದ 35 ವರ್ಷದ ಹೆಣ್ಣು ಜೀವಮಾನದಲ್ಲಿ ಒಮ್ಮೆ ಮಾತ್ರ, ಹಣ ಪಡೆಯದೆ ಹೆತ್ತುಕೊಡಬಹುದು. ದುಡ್ಡಿನ ವ್ಯವಹಾರ ಮಾಡಿದವರಿಗೆ 10 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ಬಡ ಹೆಣ್ಣಿನ ಒಡಲನ್ನು ಬಾಡಿಗೆಗೆ ಕೊಡಿಸುವ ದಂಧೆಗೆ ಕಡಿವಾಣ ಬೇಕೇ ಇತ್ತು. ಆದರೆ ಬಿಟ್ಟಿಯಾಗಿ ಒಂಬತ್ತು ತಿಂಗಳು ಹೊರುವವರು ಎಷ್ಟು ಮನೆಗಳಲ್ಲಿ ಸಿಕ್ಕಾರು? ನೇರದ ಬಾಗಿಲು ಇಷ್ಟು ಕಿರಿದಾದಾಗ ಹಿಂಬಾಗಿಲ ದಲ್ಲಾಳಿ ಬಂದೇ ಬರುತ್ತಾನೆ.

ಇಷ್ಟೆಲ್ಲ ಸಾಮಗ್ರಿ ಕಣ್ಣೆದುರಿಗೇ ಇದ್ದರೂ ನಮ್ಮ ಕಿರುತೆರೆಯ ಅಪರಾಧ ಕಥೆಗಳು ಹಳೆಯ ಜಾಡು ಬಿಟ್ಟಿಲ್ಲ. ಮಕ್ಕಳಾಗದವಳು ಹೊಟ್ಟೆಕಿಚ್ಚಿನವಳು, ಹೊರಗಿನ ಸಂಬಂಧದವಳು ಕೊಲೆಗಾತಿ, ಗಂಡ ಪಾಪದವನು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದಂತೆ ಜಗತ್ತಿನ ಆರು ಮಂದಿ ವಯಸ್ಕರಲ್ಲಿ ಒಬ್ಬರು ಬದುಕಿನ ಯಾವುದಾದರೊಂದು ಹಂತದಲ್ಲಿ ಬಂಜೆತನ ಎದುರಿಸುತ್ತಾರೆ. ಮಕ್ಕಳಾಗದ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಗಂಡಿನ ಕಡೆಯ ಕಾರಣವೂ ಇರುತ್ತದೆ. ಹೀಗಿದ್ದೂ ಮೊದಲು ಸ್ಕ್ಯಾನಿಂಗಿಗೆ, ಹರಕೆಗೆ, ನಾಟಿ ಔಷಧಿಗೆ ಹೊರಡುವವಳು ಹೆಂಡತಿ. ಗಂಡ ವೀರ್ಯ ಪರೀಕ್ಷೆಗೆ ಒಪ್ಪುವ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ. ನಿಚಿಯಾನಿಂದ ಶ್ರೋತ್ರಿಗಳ ತಂದೆಯವರೆಗೆ, ಗಂಡಿನ ಕೊರತೆಯನ್ನು ಮುಚ್ಚಿಡುವ ಈ ಹಟವೇ ಸಂಚುಗಳಿಗೆ ದಾರಿ ಮಾಡಿದ್ದು.

ಈ ಕಥೆಯನ್ನು ಮತ್ತೆ ಕೈಗೆತ್ತಿಕೊಳ್ಳುವ ಚಿತ್ರಕಥೆಗಾರರಲ್ಲಿ ಒಂದು ಬೇಡಿಕೆ. ಹೆಂಡತಿಯ ಕೈಗೆ ವಿಷದ ಶೀಶೆ ಕೊಡುವ ಮುಂಚೆ ಗಂಡನನ್ನು ಒಮ್ಮೆ ಲ್ಯಾಬಿಗೆ ಕಳಿಸಿ, ಆ ವರದಿಯನ್ನು ಮೊದಲ ಕಂತಿನಲ್ಲೇ ಅತ್ತೆಯ ಮುಂದೆ ಓದಿಸಿ. ಆಮೇಲೂ ಕೊಲೆ ಬೇಕೆನಿಸಿದರೆ ಮಾಡಿಸಿ.